ಪಟ್ಟಮಹಾದೇವಿಯರ ಸೀಮೆ

ಫ್ರಾನ್ಸ್ ದೇಶದ ರಾಣಿಯರ ಕಥೆಯನ್ನು ನಮ್ಮವರು ಅಲ್ಪಸ್ವಲ್ಪವಾದರೂ ಬಲ್ಲರು. ಶಾಲೆಯಲ್ಲಿ ಫ್ರೆಂಚ್ ಮಹಾಕ್ರಾಂತಿಯ ಪಾಠವನ್ನು ಓದಿದ ವಿದ್ಯಾರ್ಥಿಗೆಲ್ಲ 1793ರ ಅಕ್ಟೋಬರಿನಲ್ಲಿ ಗಿಲೊಟಿನ್ನಿಗೆ ತಲೆಯೊಡ್ಡಿದ ಮೇರಿ ಆಂಟೊನೆಟ್ಟಳ ಹೆಸರು ಗೊತ್ತು. ಚಕ್ರವರ್ತಿ ನೆಪೋಲಿಯನ್ನನು ಪ್ರೀತಿಸಿ ವರಿಸಿ, ಗಂಡುಸಂತಾನವಿಲ್ಲವೆಂಬ ಕಾರಣಕ್ಕೆ ತ್ಯಜಿಸಿದ ಜೋಸೆಫೀನಳ ಹೆಸರೂ ಗೊತ್ತು. ಆದರೆ ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಹೊರಟ ಬಸ್ಸು ಏಳೆಂಟು ಮೈಲಿ ಸಾಗುವಷ್ಟರಲ್ಲಿ ದಾಟಿಹೋಗುವ ಶಾಂತಿಗ್ರಾಮವು, ಹಳೆಯ ಗ್ಯಾಸೆಟಿಯರಿನಲ್ಲಿ ಬರಿಯ ‘ಗ್ರಾಮ’ವೆಂದೇ ನಮೂದಾದ ಆ ಊರು, ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಪಟ್ಟದರಸಿ ತನ್ನ ಹೆಸರಿನಲ್ಲಿ ನೆಲೆಗೊಳಿಸಿದ್ದೆಂಬುದನ್ನು ಆ ಬಸ್ಸಿನಲ್ಲಿ ನಿತ್ಯವೂ ಕುಳಿತು ಹೋಗುವವರೊಳಗೆ ಎಷ್ಟು ಮಂದಿ ನೆನೆಯುವರೋ ತಿಳಿಯದು. ಅದೇ ಜಿಲ್ಲೆಯ ಉತ್ತರಭಾಗದ ಅರಸೀಕೆರೆಯಂತೂ ತನ್ನ ಹೆಸರಿನಲ್ಲಿಯೇ ಅರಸಿಯನ್ನು ಹೊತ್ತುಕೊಂಡಿದೆ. ಹಾಸನದ ಸೀಮೆಯು ರಾಣಿಯರ ಸೀಮೆಯೆಂದರೆ ಅದು ಸ್ಥಳಾಭಿಮಾನದ ಅತಿಶಯೋಕ್ತಿಯಲ್ಲ. ಈ ಮಾತಿಗೆ ಕಲ್ಲಿನ ಸಾಕ್ಷಿಯುಂಟು.

ಸಾಕ್ಷಿಯನ್ನು ಓದಿಸಿಕೊಟ್ಟವರನ್ನು ಮೊದಲು ನೆನೆಯುವುದು ಧರ್ಮ. ಬಿ. ಎಲ್. ರೈಸರು ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿಯೂ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೂ ಪ್ರಕಟಿಸಿದರು. ಪ್ರಾಕ್ತನವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು ಬೆಳಗೊಳದ ಸಂಪುಟವನ್ನು ಪರಿಷ್ಕರಿಸಿ, ಬಹುವಾಗಿ ಹೆಚ್ಚಿಸಿ, 1923ರಲ್ಲಿ ಹೊರತಂದರು. ಇವರ ದುಡಿಮೆ ಇಲ್ಲದಿದ್ದರೆ ಹೊಯ್ಸಳರ ಅರಸಿಯರು ನಮಗೆ ಹಾಡುಗಬ್ಬದ ನಾಯಿಕೆಯರಾಗಿ ಮಾತ್ರ ಉಳಿಯುತ್ತಿದ್ದರು. ಅವರು ಹೀಗೆ ಓದಿಸಿಕೊಟ್ಟ ಮೇಲೆಯೂ ನಾವು ಆ ಅರಸಿಯರನ್ನು ನಾಯಿಕೆಯರನ್ನಾಗಿಯೇ ಇಟ್ಟುಕೊಂಡಿರುವೆವೆಂಬುದು ಬೇರೆಯ ಮಾತು. ಅದನ್ನು ಮುಂದೆ ನೋಡೋಣ.

ಹೊಯ್ಸಳರಿಗಿಂತಲೂ ಹಿಂದಿನ ಒಂದು ಉದಾಹರಣೆಯಿಂದ ಪ್ರಾರಂಭಿಸಬಹುದು. ಇಂದಿನ ಅರಕಲಗೂಡು ತಾಲೂಕನ್ನೂ ಅದಕ್ಕೆ ತಾಗಿದ ಕೊಡಗಿನ ಉತ್ತರಭಾಗವನ್ನೂ ಹನ್ನೊಂದನೆಯ ಶತಮಾನದಲ್ಲಿ ಕೊಂಗಾಳ್ವರೆಂಬ ಅರಸರು ಚೋಳರ ಅಧೀನದಲ್ಲಿ ಆಳುತ್ತಿದ್ದರು. ಆ ವಂಶದ ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಎಂಬುವಳು ಮುಳ್ಳೂರಿನಲ್ಲಿ ಬಸದಿಯ ಕಾರ್ಯದಲ್ಲಿ ತೊಡಗಿ, ತನ್ನ ಗುರುಗಳಾದ ಗುಣಸೇನಪಂಡಿತರ ಪ್ರತಿಮೆಯನ್ನು ಮಾಡಿಸಿದಳೆಂದು 1058ರ ಶಾಸನದಿಂದ ತಿಳಿದುಬರುತ್ತದೆ. ದೇವರ ಮೂರ್ತಿಯನ್ನು ಮಾಡಿಸುವುದು ರಾಜಪತ್ನಿಯರಿಗೆ ಸಾಮಾನ್ಯವಾದ ಪುಣ್ಯಕಾರ್ಯ. ಜೀವಿಸಿದ್ದ ಗುರುವನ್ನು ಕಲ್ಲಿನಲ್ಲಿ ನಿಲ್ಲಿಸಬೇಕೆಂದು ಬಗೆದವಳಿಗೆ ಸ್ವಂತದ್ದೊಂದು ಮನಸ್ಸಿದ್ದಿತೆಂದು ಊಹಿಸಬಹುದು. ಸಾಮಂತನೊಬ್ಬನ ತಾಯಿಯಾದ ಈಕೆಯ ವಿಷಯದಲ್ಲಿ ಇದಕ್ಕಿಂತ ಹೆಚ್ಚಾಗಿ ಹೇಳಲು ಬಾರದು. ಆದರೆ ಮುಂದಿನ ಮುನ್ನೂರು ವರ್ಷಗಳ ರೀತಿಯನ್ನು ಈಕೆಯಲ್ಲಿಯೇ ಕಾಣುವೆವು: ಅರಸಿಗೆ ತನ್ನದೇ ಆದ ಗುರು, ತನ್ನದೇ ಆದ ದತ್ತಿ, ಶಾಸನದಲ್ಲಿ ತನ್ನದೇ ಆದ ಸಾಲು.

ಹೊಯ್ಸಳ ವಿನಯಾದಿತ್ಯನ ಕಾಲದಲ್ಲಿ ಅವನ ರಾಣಿ ಕೆಳೆಯಲದೇವಿಯು ಮರಿಯಾನೆ ದಣ್ಣಾಯಕನನ್ನು ತಮ್ಮನೆಂದು ಭಾವಿಸಿ, ತಾನೇ ಮುಂದಾಗಿ ಅವನ ವಿವಾಹವನ್ನು ನಡೆಯಿಸಿ, ಸಿಂದಗೆರೆಯ ಒಡೆತನವನ್ನು ಕೊಡಿಸಿದಳು. ಆ ಮನೆತನದ ಎರಡನೆಯ ಮರಿಯಾನೆ ದಣ್ಣಾಯಕನ ಮೂವರು ಹೆಣ್ಣುಮಕ್ಕಳಾದ ಪದುಮಲದೇವಿ, ಚಾವಲದೇವಿ, ಬೊಪ್ಪದೇವಿಯರನ್ನು 1103ರಲ್ಲಿ ಒಂದೇ ಹಂದರದ ಕೆಳಗೆ ಒಂದನೆಯ ಬಲ್ಲಾಳನು ಮದುವೆಯಾದನು. ಮಕ್ಕಳನ್ನು ಹಾಲೆರೆದು ಸಾಕಿದ ಋಣಕ್ಕೆಂದು ಸಿಂದಗೆರೆಯನ್ನು ಅವರ ತಂದೆಗೆ ಮತ್ತೊಮ್ಮೆ ಕೊಟ್ಟನು. ಈ ಮೂವರೂ ಶಾಸ್ತ್ರ, ಗೀತ, ನೃತ್ಯಗಳಲ್ಲಿ ನಿಪುಣೆಯರೆಂದು ಶಾಸನವು ಹೊಗಳುತ್ತದೆ. ಓದುಗರು ಈ ವಿಶೇಷಣವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಹಾಡುವುದೂ ಕುಣಿಯುವುದೂ ಹೊಯ್ಸಳರ ಅಂತಃಪುರದಲ್ಲಿ ಒಬ್ಬಳ ವೈಶಿಷ್ಟ್ಯವಾಗಿರದೆ, ದೊಡ್ಡ ಮನೆತನದ ಹೆಣ್ಣುಮಕ್ಕಳಿಗೆ ಸಲ್ಲುತ್ತಿದ್ದ ಶಿಕ್ಷಣದ ಅಂಗವಾಗಿದ್ದವು.

ಬಲ್ಲಾಳನು ಅಲ್ಪಕಾಲ ಆಳಿ ತೀರಿಕೊಂಡ ಮೇಲೆ 1108ರ ಸುಮಾರಿಗೆ ಅವನ ತಮ್ಮನಾದ ಬಿಟ್ಟಿದೇವನು, ನಾವೆಲ್ಲರೂ ವಿಷ್ಣುವರ್ಧನನೆಂದು ಬಲ್ಲ ಮಹಾಪುರುಷನು, ದೋರಸಮುದ್ರದ ಸಿಂಹಾಸನವನ್ನೇರಿದನು. ಅವನ ಪಟ್ಟಮಹಾದೇವಿಯೇ ಶಾಂತಲೆ. ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯನು ದೃಢನಿಷ್ಠೆಯ ಶೈವ; ತಾಯಿ ಮಾಚಿಕಬ್ಬೆ ಅಷ್ಟೇ ನಿಷ್ಠೆಯ ಜೈನೆ. ತಾನು ಜಿನಧರ್ಮದಲ್ಲಿ ಹುಟ್ಟಿ, ಸಂಪ್ರದಾಯವು ಹೇಳುವಂತೆ ಶ್ರೀರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ರಾಜನನ್ನು ವರಿಸಿದ್ದ ಈ ರಾಣಿ, ಪತಿಯು ಮತವನ್ನು ಬದಲಿಸಿದನೆಂದು ತಾನೂ ಬದಲಿಸಲಿಲ್ಲ. ತಾನು ಬದಲಿಸಲಿಲ್ಲವೆಂದು ಪತಿಯ ದೇವರಿಗೆ ವಿಮುಖಳೂ ಆಗಲಿಲ್ಲ. ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನ ಮಹಾಪ್ರತಿಷ್ಠೆ ನಡೆದಾಗ, ಅದರ ಪಕ್ಕದಲ್ಲಿಯೇ ಚನ್ನಿಗರಾಯನ ಮೂರ್ತಿಯನ್ನು ತನ್ನ ಹೆಸರಿನಿಂದ ಪ್ರತಿಷ್ಠಿಸಿದವಳು ಶಾಂತಲೆ. ಜಕಣಾಚಾರಿಯ ಮಗನು ಮೂರ್ತಿಯ ಹೊಕ್ಕುಳಲ್ಲಿ ಕಪ್ಪೆಯನ್ನು ತೋರಿಸಿಕೊಟ್ಟನೆಂಬ ಕಥೆಯಿಂದ ಜನ ಅದನ್ನು ಕಪ್ಪೆ ಚನ್ನಿಗರಾಯನೆಂದು ಕರೆಯುತ್ತಾರೆ. ಅಲ್ಲಿಗೆ ಹೋದವರೆಲ್ಲ ಕಪ್ಪೆಯ ಕಥೆಯನ್ನು ಕೇಳಿಕೊಂಡು ಬರುವರು. ಪೀಠದ ಮೇಲೆ ರಾಣಿಯ ಹೆಸರಿದೆಯೆಂಬುದನ್ನು ಕೇಳಿ ಬರುವವರು ವಿರಳ.

ಆದರೆ ಶಾಂತಲೆಯ ನಿಜವಾದ ಕೃತಿಯನ್ನು ನೋಡಲು ಬೇಲೂರಿಗಲ್ಲ, ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳಕ್ಕೆ ಹೋಗಬೇಕು. ಅಲ್ಲಿಯೂ ಗೊಮ್ಮಟೇಶ್ವರನು ನಿಂತ ದೊಡ್ಡಬೆಟ್ಟಕ್ಕಲ್ಲ, ಎದುರಿನ ಚಿಕ್ಕಬೆಟ್ಟಕ್ಕೆ, ಎಂದರೆ ಚಂದ್ರಗಿರಿಗೆ ಹತ್ತಬೇಕು. ಅಲ್ಲಿಯ ಬಸದಿಗಳ ಗುಂಪಿನಲ್ಲಿ ಸವತಿಗಂಧವಾರಣ ಬಸದಿಯೆಂಬುದೊಂದುಂಟು. ಉದ್ದ 69 ಅಡಿ, ಅಗಲ 35 ಅಡಿ. ಗರ್ಭಗೃಹ, ಸುಕನಾಸಿ, ನವರಂಗ. ಒಳಗೆ ಪ್ರಭಾವಳಿಯೂ ಸೇರಿ ಐದಡಿ ಎತ್ತರದ ಶಾಂತಿನಾಥಸ್ವಾಮಿ, ಇಕ್ಕೆಲದಲ್ಲಿ ಚಾಮರಧಾರಿಗಳು. ಹಳೇಬೀಡಿನ ಶಿಲ್ಪಸಮೃದ್ಧಿಯನ್ನು ಕಂಡ ಕಣ್ಣಿಗೆ ಇದು ಬರಿಯ ಕಟ್ಟಡವಾಗಿ ಕಂಡೀತು. 1123ರಲ್ಲಿ ಶಾಂತಲೆಯು ಇದನ್ನು ಕಟ್ಟಿಸಿ, ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಗ್ರಾಮವನ್ನು, ವಿಷ್ಣುವರ್ಧನನ ಒಪ್ಪಿಗೆ ಪಡೆದು, ತನ್ನ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದು ಕೊಟ್ಟಳು. ಒಪ್ಪಿಗೆ ಅರಸನದು, ಸಂಕಲ್ಪವೂ ದಾನವೂ ಅರಸಿಯವು. ಅಂತಃಪುರದ ಆಚೆಗೆ ರಾಣಿಯ ಕೈ ಎಲ್ಲಿಯವರೆಗೆ ಚಾಚುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾನದಂಡ ಬೇಕಾಗಿಲ್ಲ.

ಬಸದಿಗೆ ಬಂದ ಹೆಸರು ಶಾಂತಲೆಯ ಬಿರುದಿನಿಂದ ಬಂದದ್ದು. ಉದ್ವೃತ್ತಸವತಿಗಂಧವಾರಣೆ: ಮದಿಸಿದ ಸವತಿಯರ ಪಾಲಿಗೆ ಮದ್ದಾನೆ! ಅಹಿಂಸೆಯೇ ಪರಮಧರ್ಮವೆಂಬ ಮತದ ದೇವಾಲಯಕ್ಕೆ ಇಂಥ ಹೆಸರೆಂದು ನಗಬಹುದಾದರೂ, ನಕ್ಕ ಮೇಲೆ ಕೊಂಚ ಯೋಚಿಸಬೇಕು. ಆಕೆಗಿದ್ದ ಇತರ ಬಿರುದುಗಳು ವಿವೇಕೈಕಬೃಹಸ್ಪತಿ, ಪ್ರತ್ಯುತ್ಪನ್ನವಾಚಸ್ಪತಿ, ಸಮ್ಯಕ್ತ್ವಚೂಡಾಮಣಿ ಎಂಬಂಥವು. ಮಂತ್ರಾಲೋಚನೆಯ ಸಭೆಯಲ್ಲಿ ಸಲ್ಲುವವು, ಸಮಯಸ್ಫೂರ್ತಿಯ ಮಾತಿಗೆ ಸಲ್ಲುವವು. ಇವುಗಳ ನಡುವೆ ಸವತಿಯರನ್ನು ಕುರಿತ ಬಿರುದು ಬಂದಿರುವುದರಿಂದ, ಅರಮನೆಯಲ್ಲಿ ಪಟ್ಟಮಹಿಷಿಯ ಸ್ಥಾನವು ಒಮ್ಮೆ ಹಣೆಗೆ ಪಟ್ಟ ಕಟ್ಟಿದ ಮಾತ್ರಕ್ಕೆ ಸ್ಥಿರವಾಗುವಂಥದಲ್ಲವೆಂದೂ, ಅದನ್ನು ಪ್ರತಿದಿನವೂ ಕಾದುಕೊಳ್ಳಬೇಕಾಗುತ್ತಿದ್ದಿತೆಂದೂ ನಾವು ತಿಳಿಯಬೇಕು. ಎದುರಾಳಿಗಳು ಅಲ್ಪರೂ ಆಗಿರಲಿಲ್ಲ. ಪಲ್ಲವಕುಲದವಳಾದ ಬಮ್ಮಲದೇವಿಯು ಆಸಂದಿನಾಡನ್ನು ಆಳುತ್ತಿದ್ದ ರಾಣಿ. ಲಕ್ಷ್ಮೀದೇವಿಯು ಮುಂದೆ ರಾಜಮಾತೆಯಾಗಲಿದ್ದವಳು.

ಇಲ್ಲಿ ಫ್ರಾನ್ಸಿನ ಕಡೆಗೆ ಒಮ್ಮೆ ತಿರುಗಿ ನೋಡುವುದು ಉಪಯುಕ್ತ. ಕ್ರೈಸ್ತಧರ್ಮದ ಕಟ್ಟಳೆಯಂತೆ ಅಲ್ಲಿಯ ರಾಜನಿಗೆ ಒಂದು ಕಾಲಕ್ಕೆ ಒಬ್ಬಳೇ ಧರ್ಮಪತ್ನಿ. ಆದುದರಿಂದ ಅಲ್ಲಿಯ ರಾಣಿಗೆ ಸವತಿಯ ಭಯವಿರಲಿಲ್ಲವೆಂದು ಬಗೆದರೆ ಅದು ತಪ್ಪು. ನಮ್ಮ ಇಮ್ಮಡಿ ವೀರಬಲ್ಲಾಳನ ಸಮಕಾಲೀನನಾದ ಎರಡನೆಯ ಫಿಲಿಪ್ಪನು 1193ರಲ್ಲಿ ಡೆನ್ಮಾರ್ಕಿನ ರಾಜಪುತ್ರಿ ಇಂಗೆಬೋರ್ಗಳನ್ನು ಮದುವೆಯಾಗಿ, ಮಾರನೆಯ ದಿನವೇ ಆಕೆಯನ್ನು ಒಲ್ಲೆನೆಂದನು. ಕಾರಣವನ್ನು ಚರಿತ್ರಕಾರರು ಇಂದಿಗೂ ಚರ್ಚಿಸುತ್ತಿರುವರು. ಬೇರೊಬ್ಬಳನ್ನು ತಂದು, ಪೋಪರ ಕೋಪಕ್ಕೆ ಗುರಿಯಾಗಿ, ರಾಜ್ಯದಲ್ಲೆಲ್ಲ ಪೂಜೆ ಪ್ರಾರ್ಥನೆಗಳು ನಿಂತುಹೋಗುವ ಸ್ಥಿತಿಯನ್ನು ತಂದುಕೊಂಡರೂ ಹಟ ಬಿಡದೆ, ಇಪ್ಪತ್ತು ವರ್ಷ ಆಕೆಯನ್ನು ಸೆರೆಯಲ್ಲಿಟ್ಟಂತೆ ಇಟ್ಟು, 1213ರಲ್ಲಿ ಮತ್ತೆ ಅಂಗೀಕರಿಸಿದನು. ಎರಡನೆಯ ಹೆನ್ರಿಯ ಪತ್ನಿ ಕ್ಯಾಥರೀನ್ ದ ಮೆಡಿಚಿಯದು ಇನ್ನೊಂದು ಬಗೆ. ಪತಿಯ ಪ್ರೇಯಸಿಯಾದ ದಿಯಾನಳು ಅರಮನೆಯಲ್ಲಿ ಮೆರೆಯುತ್ತಿದ್ದಷ್ಟು ಕಾಲವೂ ಸಹಿಸಿಕೊಂಡಿದ್ದ ಆ ರಾಣಿ, 1559ರಲ್ಲಿ ರಾಜನು ತೀರಿಕೊಂಡೊಡನೆ ಮಾಡಿದ ಮೊದಲ ಕೆಲಸಗಳಲ್ಲೊಂದೆಂದರೆ, ನದಿಯ ಮೇಲೆ ಕಟ್ಟಿದ ಶೆನೊನ್ಸೋ ಸೌಧವನ್ನು ದಿಯಾನಳಿಂದ ಬಿಡಿಸಿಕೊಂಡದ್ದು. ಶಾಂತಲೆ ತನ್ನ ಬಿರುದನ್ನು ಬಸದಿಗೆ ಇಟ್ಟಳು. ಕ್ಯಾಥರೀನಳು ಎದುರಾಳಿಯ ಮನೆಯನ್ನೇ ತೆಗೆದುಕೊಂಡಳು.

ಶಾಂತಲೆಗೆ ಕಾಲದಲ್ಲಿಯೂ ಸ್ಥಾನದಲ್ಲಿಯೂ ಸರಿಸಮಾನಳಾದ ಫ್ರೆಂಚ್ ರಾಣಿಯನ್ನು ಹುಡುಕುವುದಾದರೆ ಆರನೆಯ ಲೂಯಿಯ ಪತ್ನಿ ಅಡಿಲೇಡಳನ್ನು ಹೇಳಬೇಕು. 1115ರಲ್ಲಿ, ಎಂದರೆ ಬೇಲೂರಿನ ಪ್ರತಿಷ್ಠೆಗೆ ಎರಡು ವರ್ಷ ಮುಂಚೆ, ಆಕೆಯ ವಿವಾಹವಾಯಿತು. ಆ ರಾಜನ ದಾನಪತ್ರಗಳಲ್ಲಿ ಅವನು ಪಟ್ಟಕ್ಕೆ ಬಂದ ವರ್ಷದೊಡನೆ ರಾಣಿ ಪಟ್ಟಕ್ಕೆ ಬಂದ ವರ್ಷವನ್ನೂ ಗಣಿಸಿ ಕಾಲವನ್ನು ನಮೂದಿಸುತ್ತಿದ್ದರು. ಪ್ಯಾರಿಸಿನ ಮೊಂಮಾರ್ತ್ರ್ ಗುಡ್ಡದ ಮೇಲೆ ಸನ್ಯಾಸಿನಿಯರ ಮಠವೊಂದನ್ನು ಸ್ಥಾಪಿಸಿದ ಆಕೆ 1154ರಲ್ಲಿ ಮೃತಳಾಗಿ, ಅಲ್ಲಿಯೇ ಸಮಾಧಿಯಾದಳು. ಇಲ್ಲಿ ಚಿಕ್ಕಬೆಟ್ಟ, ಅಲ್ಲಿ ಮೊಂಮಾರ್ತ್ರ್. ಇಬ್ಬರು ರಾಣಿಯರೂ ಪರಸ್ಪರರ ದೇಶದ ಹೆಸರನ್ನು ಕೇಳಿರಲಾರರು. ಆದರೂ ಬೆಟ್ಟದ ನೆತ್ತಿಯನ್ನು ಆರಿಸಿ, ಧರ್ಮಕ್ಕೆ ಭೂಮಿಯನ್ನು ಕೊಟ್ಟು, ದಾಖಲೆಯಲ್ಲಿ ಹೆಸರನ್ನು ಉಳಿಸಿಹೋದ ಬಗೆ ಒಂದೇ. ಫ್ರಾನ್ಸಿನಲ್ಲಿ ಅಡಿಲೇಡಳ ತರುವಾಯ ರಾಜಪತ್ರಗಳಲ್ಲಿ ರಾಣಿಯರ ಸ್ಥಾನ ಕುಗ್ಗುತ್ತ ಬಂದಿತೆಂಬುದು ಅಲ್ಲಿಯ ಪಂಡಿತರ ಅಭಿಪ್ರಾಯ. 1316ರಲ್ಲಿ ಹತ್ತನೆಯ ಲೂಯಿ ತೀರಿಕೊಂಡು, ಅವನ ಮಗಳನ್ನು ಬದಿಗಿರಿಸಿ ತಮ್ಮನು ಪಟ್ಟವೇರಿದಾಗ, ಫ್ರಾನ್ಸಿನ ಸಿಂಹಾಸನಕ್ಕೆ ಹೆಣ್ಣಿಗೆ ಹಕ್ಕಿಲ್ಲವೆಂಬುದು ಇತ್ಯರ್ಥವಾಯಿತು. ಅಲ್ಲಿಂದ ಮುಂದೆ ರಾಣಿಗೆ ಉಳಿದ ಒಂದೇ ರಾಜದ್ವಾರವೆಂದರೆ ಎಳೆಯ ಮಗನ ಪರವಾಗಿ ಆಳುವುದು. ಮರೀ ದ ಮೆಡಿಚಿಗೆ 1610ರ ಮೇ 13ರಂದು ಪಟ್ಟಾಭಿಷೇಕವಾಯಿತು. ಮರುದಿನವೇ ನಾಲ್ಕನೆಯ ಹೆನ್ರಿಯು ಕೊಲೆಯಾಗಿ, ರಾಜ್ಯಭಾರವು ಆಕೆಯ ಕೈಗೆ ಬಂದಿತು.

ಇನ್ನು ಶಾಂತಲೆಯನ್ನು ಕುರಿತ ನಮ್ಮ ಜನಪ್ರಿಯ ಕಲ್ಪನೆಯ ಮಾತು. ಬೇಲೂರಿನ ದರ್ಪಣಸುಂದರಿಯನ್ನು ತೋರಿಸಿ, ಶಾಂತಲೆಯೇ ಇದಕ್ಕೆ ಮಾದರಿಯಾಗಿ ನಿಂತಳೆಂದು ಹೇಳುವ ವಾಡಿಕೆ ಬಹುಕಾಲದಿಂದ ಬಂದಿದೆ. ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಂತಮ್ಮ ಹೆಸರನ್ನು ಕೊರೆದಿರುವರೇ ಹೊರತು ರಾಣಿಯ ಹೆಸರನ್ನು ಕೊರೆದಿಲ್ಲ. ಆಕೆ ಗೀತವಾದ್ಯನೃತ್ಯಗಳಲ್ಲಿ ಪ್ರವೀಣೆಯೆಂಬುದನ್ನು ಶಾಸನವೇ ಸಾರುವುದರಿಂದ ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಒಂದು ಗುಣವನ್ನು ಹಿಗ್ಗಿಸಿ, ಬೃಹಸ್ಪತಿ ವಾಚಸ್ಪತಿಯೆಂಬ ಬಿರುದುಗಳನ್ನು ಮರೆತು, ಶಾಂತಿಗ್ರಾಮದ ಅಗ್ರಹಾರವನ್ನು ನೆಲೆಗೊಳಿಸಿದ, ಬಸದಿ ಗುಡಿಗಳೆರಡನ್ನೂ ಕಟ್ಟಿಸಿದ, ಗ್ರಾಮವನ್ನು ದಾನಮಾಡಿದ ಹೆಂಗಸನ್ನು ಕಾಲಿಗೆ ಗೆಜ್ಜೆ ಕಟ್ಟಿಸಿ ನಿಲ್ಲಿಸಿರುವುದು ನ್ಯಾಯವಲ್ಲ. ಕೆ. ವಿ. ಅಯ್ಯರರ ‘ಶಾಂತಲಾ’ ಕಾದಂಬರಿಯು ಕನ್ನಡಿಗರ ಮನೆಮನೆಗೂ ಆಕೆಯನ್ನು ಕರೆತಂದಿತು, ಸಿ. ಕೆ. ನಾಗರಾಜರಾಯರ ‘ಪಟ್ಟಮಹಿಷಿ ಶಾಂತಲದೇವಿ’ಯು 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿಯನ್ನು ಪಡೆಯಿತು. ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು, ಅದನ್ನು ಪ್ರಶ್ನಿಸಲಾಗದು. ಕಾದಂಬರಿಯನ್ನು ಮುಚ್ಚಿಟ್ಟು ಶಾಸನವನ್ನು ತೆರೆಯದಿರುವ ಓದುಗನನ್ನು ಮಾತ್ರ ಪ್ರಶ್ನಿಸಬಹುದು.

ಆಕೆಯ ಮರಣದ ವಿಷಯದಲ್ಲಿಯೂ ಇದೇ ಆಗಿದೆ. 1131ರ ಚೈತ್ರಮಾಸದಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ಕಾಲವಾದಳು. ಬೆಟ್ಟದ ಮೇಲಿನ ಒಂದು ಕೋಡನ್ನು ತೋರಿಸಿ, ಇಲ್ಲಿಂದಲೇ ಹಾರಿ ಪ್ರಾಣಬಿಟ್ಟಳೆಂದು ಜನ ಹೇಳುವರು. ಶ್ರವಣಬೆಳಗೊಳದ ಶಾಸನವು ಆಕೆ ಅಲ್ಲಿ ಮುಡಿಪಿ ಸ್ವರ್ಗತೆಯಾದಳೆಂದಷ್ಟೇ ಹೇಳುತ್ತದೆ. ಆ ಶಾಸನವು ವಾಸ್ತವವಾಗಿ ಮಗಳದಲ್ಲ, ತಾಯಿಯದು. ಮಗಳು ಹೋದ ಮೇಲೆ ತಾನಿನ್ನು ಇರಲಾರೆನೆಂದು ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಸನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳು ಅನಶನವ್ರತವನ್ನಾಚರಿಸಿ ದೇಹತ್ಯಾಗ ಮಾಡಿದಳೆಂದು ಅದರಲ್ಲಿ ವಿವರವಾಗಿ ಬರೆದಿದೆ. ತಂದೆ ಮಾರಸಿಂಗಯ್ಯನು ಶೈವನಾಗಿಯೇ ಉಳಿದನು. ಒಂದೇ ಮನೆಯಲ್ಲಿ ಮೂರು ಮತಗಳು ಹೊಂದಿಕೊಂಡಿದ್ದುದನ್ನು ಇಂದಿನವರು ಆಶ್ಚರ್ಯದಿಂದ ಓದುವರು. ಶಾಸನವನ್ನು ಬರೆದ ಕವಿಗೆ ಅದರಲ್ಲಿ ಆಶ್ಚರ್ಯವೇನೂ ತೋರಿಲ್ಲ.

ಪಟ್ಟವು ಶಾಂತಲೆಯ ಮಗನಿಗೆ ಹೋಗಲಿಲ್ಲ, ಲಕ್ಷ್ಮೀದೇವಿಯ ಮಗನಾದ ನರಸಿಂಹನಿಗೆ ಹೋಯಿತು. ಹುಟ್ಟಿದ ದಿನವೇ ಆ ಶಿಶುವಿಗೆ ಪಟ್ಟ ಕಟ್ಟಿದರೆಂದು ಶಾಸನಗಳು ಹೇಳುತ್ತವೆ. ಉತ್ತರಾಧಿಕಾರಿಗಾಗಿ ಅರಮನೆಯು ಎಷ್ಟು ಕಾತರಿಸಿತ್ತೆಂಬುದು ಇದರಿಂದಲೇ ವ್ಯಕ್ತ. ಏಳು ಶತಮಾನಗಳ ಮೇಲೆ ಪ್ಯಾರಿಸಿನಲ್ಲಿ ಅದೇ ಕಾತರವು ಜೋಸೆಫೀನಳ ವಿವಾಹವಿಚ್ಛೇದಕ್ಕೆ ಕಾರಣವಾಯಿತು. ನೆಪೋಲಿಯನ್ನನು ಆಸ್ಟ್ರಿಯದ ಮರೀ ಲೂಯಿಸಳನ್ನು 1810ರಲ್ಲಿ ವರಿಸಿ, 1811ರಲ್ಲಿ ಮಗನನ್ನು ಪಡೆದನು. ಆ ಮಗನಾದರೋ ಆಳುವ ಭಾಗ್ಯವನ್ನು ಕಾಣಲಿಲ್ಲ. ಸವತಿಯಿದ್ದ ಊರಿನಲ್ಲಿ ಪಟ್ಟದರಸಿಯು ಪಟ್ಟವೇರುವ ಮಗನಿಲ್ಲದೆಯೂ ಪಟ್ಟದರಸಿಯಾಗಿಯೇ ಸತ್ತಳು. ಸವತಿಯಿಲ್ಲದ ಊರಿನಲ್ಲಿ ಮಗನಿಲ್ಲದವಳು ಪಟ್ಟವನ್ನೇ ಬಿಡಬೇಕಾಯಿತು. ಇದರಿಂದ ಬಹುಪತ್ನೀತ್ವವು ಮೇಲೆಂದು ಯಾರೂ ತಿಳಿಯತಕ್ಕದ್ದಲ್ಲ. ಹೆಣ್ಣಿಗೆ ಎರಡು ಕಡೆಯೂ ಕಷ್ಟವಿದ್ದಿತು, ಕಷ್ಟದ ಸ್ವರೂಪ ಮಾತ್ರ ಬೇರೆ.

ಮಗನಿಗಾಗಿ ಹಂಬಲಿಸಿದ ಕಥೆ ಈ ಸೀಮೆಗೆ ಆಮೇಲೆಯೂ ಬಂದುಂಟು. 1600ರ ಸುಮಾರಿನಲ್ಲಿ ಹೊಳೆನರಸೀಪುರದ ಪಾಳೆಯಗಾರನಾದ ಲಕ್ಷ್ಮಪ್ಪನಾಯಕನು ಕೊಳತ್ತೂರೆಂಬ ಊರನ್ನು ಅಲ್ಲಿಯ ಹೆಬ್ಬಾರನಿಂದ ಗೆದ್ದುಕೊಂಡು, ಬಹುಕಾಲ ಕಾದು ಹಡೆದ ಮಗನಿಗೆ ಅದನ್ನು ಜಹಗೀರಾಗಿ ಕೊಟ್ಟನು. ಆ ಮಗನಿಗೆ ಚನ್ನರಾಯಸ್ವಾಮಿಯ ಹೆಸರು. ಊರಿಗೂ ಅದೇ ಹೆಸರು. ಅದೇ ಇಂದಿನ ಚನ್ನರಾಯಪಟ್ಟಣ. ದೇವರ ಹೆಸರೂ ತಂದೆಯ ಹೆಸರೂ ಮಗನ ಹೆಸರೂ, ಊರನ್ನು ಕಳೆದುಕೊಂಡ ಪುಟ್ಟಗಿರಿಜನ ಹೆಸರೂ ಕಥೆಯಲ್ಲಿವೆ. ಹೆತ್ತ ತಾಯಿಯ ಹೆಸರೊಂದು ಬಂದಿಲ್ಲ. ಹೊಯ್ಸಳರ ಕಾಲದಲ್ಲಾಗಿದ್ದರೆ ಆಕೆ ಒಂದು ಕೆರೆಯನ್ನೋ ಗುಡಿಯನ್ನೋ ಕಟ್ಟಿಸಿ, ಕಂದಪದ್ಯದೊಡನೆ ಕಲ್ಲನ್ನು ನೆಡಿಸುತ್ತಿದ್ದಳೆಂದು ನನಗೆ ತೋರುತ್ತದೆ.

ಹೀಗೆ ಹೇಳುವಾಗ ರಾಣಿಯರನ್ನಷ್ಟೇ ಎಣಿಸಿದರೆ ಚಿತ್ರವು ಅರ್ಧವಾಗುತ್ತದೆ. ಚಂದ್ರಗಿರಿಯ ಅದೇ ಪ್ರಾಕಾರದಲ್ಲಿ, ಸವತಿಗಂಧವಾರಣ ಬಸದಿಗೆ ಕೂಗಿನ ದೂರದಲ್ಲಿ, ಸೇನಾಪತಿ ಗಂಗರಾಜನ ಪತ್ನಿ ಲಕ್ಷ್ಮೀಮತಿಯು 1118ರಲ್ಲಿ ಕಟ್ಟಿಸಿದ ಎರಡುಕಟ್ಟೆ ಬಸದಿಯುಂಟು. ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ ಕತ್ತಲೆ ಬಸದಿಯೂ ಉಂಟು. ಕೆಳಗೆ ಊರಿನೊಳಗೆ 1181ರ ಅಕ್ಕನ ಬಸದಿ. ಅದನ್ನು ಕಟ್ಟಿಸಿದ ಆಚಿಯಕ್ಕನು ಇಮ್ಮಡಿ ಬಲ್ಲಾಳನ ಮಂತ್ರಿಯಾದ ಚಂದ್ರಮೌಳಿಯ ಹೆಂಡತಿ. ಗಂಡ ಶೈವಬ್ರಾಹ್ಮಣ, ಹೆಂಡತಿ ಜೈನೆ. ಬಸದಿಯ ಖರ್ಚಿಗೆ ಗ್ರಾಮವನ್ನು ಬಿಟ್ಟವನು ಬಲ್ಲಾಳರಾಯ. ಬೆಳಗೊಳದ ಅಷ್ಟು ಬಸದಿಗಳಲ್ಲಿ ಅಪ್ಪಟ ಹೊಯ್ಸಳ ಶೈಲಿಯದು ಇದೊಂದೇ. ಹಾಸನಕ್ಕೆ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯಾದರೋ 1113ರಲ್ಲಿ ಕುಲ್ಲಹಣ ರಾಹುತನೆಂಬ ವ್ಯಾಪಾರಿಯೂ ಅವನ ಹೆಂಡತಿ ಸಹಜಾದೇವಿಯೂ ಕೂಡಿ ಕಟ್ಟಿಸಿದ್ದು. ರಾಣಿಯು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ದಣ್ಣಾಯಕಿತಿಯರೂ ವರ್ತಕರ ಹೆಂಡಿರೂ ಅನುಸರಿಸಿದರೋ, ಅಥವಾ ಈ ಸೀಮೆಯ ಹೆಂಗಸರಲ್ಲಿ ಮೊದಲೇ ಇದ್ದ ರೂಢಿಯನ್ನು ರಾಣಿಯರು ಎತ್ತಿಹಿಡಿದರೋ, ಎಂಬುದನ್ನು ಕುರಿತು ವಾದಿಸಬಹುದು. ದೊಡ್ಡಗದ್ದವಳ್ಳಿಯ ಕಾಲವನ್ನು ನೋಡಿದರೆ ಎರಡನೆಯದೇ ಸರಿಯಿರಬೇಕು. ಮಹಾಮಸ್ತಕಾಭಿಷೇಕದ ಕಾಲಕ್ಕೋ ರಜೆಯ ದಿನಕ್ಕೋ ಬೆಳಗೊಳಕ್ಕೆ ಹೋಗುವ ಓದುಗರು, ದೊಡ್ಡಬೆಟ್ಟವನ್ನು ಇಳಿದು ದಣಿದೆವೆಂದು ಮರಳದೆ, ಚಿಕ್ಕಬೆಟ್ಟವನ್ನೂ ಏರಿ ಈ ಹೆಂಗಸರ ಬಸದಿಗಳನ್ನು ನೋಡಿಬರಬೇಕೆಂದು ಬೇಡಿಕೊಳ್ಳುವೆನು.

ನರಸಿಂಹನ ಕಾಲಕ್ಕೆ ಬಂದರೆ ಅಂತಃಪುರವು ಹಿಗ್ಗುತ್ತದೆ, ಅರಸಿಯರು ಮಸಕಾಗುತ್ತಾರೆ. ಅವನ ರಾಣಿವಾಸದಲ್ಲಿ 384 ಮಂದಿ ಕುಲಸ್ತ್ರೀಯರಿದ್ದರೆಂದು ಶಾಸನವು ಲೆಕ್ಕ ಕೊಡುತ್ತದೆ. ಲೆಕ್ಕವು ದೊಡ್ಡದಾದಾಗ ಹೆಸರುಗಳು ಕಾಣುವುದಿಲ್ಲ. ಅವರಲ್ಲಿ ನಮಗೆ ಮುಖ್ಯಳು ಏಚಲದೇವಿ, ಇಮ್ಮಡಿ ಬಲ್ಲಾಳನ ತಾಯಿ. 1173ರಲ್ಲಿ ಬಲ್ಲಾಳನಿಗೆ ಪಟ್ಟಾಭಿಷೇಕವಾದ ಸಂಭ್ರಮಕ್ಕೆ ಬೂಚಿರಾಜನು ಹಾಸನದ ಬಳಿಯ ಕೋರವಂಗಲದಲ್ಲಿ ಬೂಚೇಶ್ವರನ ಗುಡಿಯನ್ನು ಎತ್ತಿದನು. ಈ ಬಲ್ಲಾಳನ ಕಾಲದಲ್ಲಿ ರಾಣಿಯರು ಮತ್ತೆ ಬೆಳಕಿಗೆ ಬರುವರು. ಉಮಾದೇವಿಯು ಪತಿಯು ದಂಡಯಾತ್ರೆಯಲ್ಲಿದ್ದಾಗ ಆಡಳಿತವನ್ನು ನೋಡಿಕೊಂಡುದಲ್ಲದೆ, ತಲೆಯೆತ್ತಿದ ಸಾಮಂತರ ಮೇಲೆ ತಾನೇ ದಂಡೆತ್ತಿ ಹೋದಳೆಂದು ಇತಿಹಾಸಕಾರರು ಬರೆದಿರುವರು. ಅಭಿನವ ಕೇತಲದೇವಿಯು ಅರಸನೊಡನೆ ಕೂಡಿ ಹಳೇಬೀಡಿನ ಕೇದಾರೇಶ್ವರ ದೇವಾಲಯವನ್ನು 1219ರ ಹೊತ್ತಿಗೆ ಕಟ್ಟಿಸಿದಳು. ಹೊಯ್ಸಳೇಶ್ವರದ ವೈಭವವನ್ನು ನೋಡಿ ಕಣ್ಣು ದಣಿದವರಿಗೆ ಈ ಚಿಕ್ಕ ಗುಡಿಯೇ ಹೆಚ್ಚು ಸುಂದರವಾಗಿ ಕಂಡರೆ ಅದು ರುಚಿಯ ದೋಷವಲ್ಲ.

ಇಮ್ಮಡಿ ಬಲ್ಲಾಳನ ಮೊಮ್ಮಗ ಸೋಮೇಶ್ವರನ ತರುವಾಯ ರಾಣಿಯರ ಮಕ್ಕಳ ನಡುವೆ ರಾಜ್ಯವೇ ಹೋಳಾಯಿತು. ಬಿಜ್ಜಳರಾಣಿಯ ಮಗ ಮುಮ್ಮಡಿ ನರಸಿಂಹನಿಗೆ ದೋರಸಮುದ್ರ, ಚಾಳುಕ್ಯಕುಲದ ದೇವಲದೇವಿಯ ಮಗ ರಾಮನಾಥನಿಗೆ ಶ್ರೀರಂಗದ ಬಳಿಯ ಕಣ್ಣನೂರು. ಅದನ್ನು ಮತ್ತೆ ಒಂದುಗೂಡಿಸಿದವನು ಮುಮ್ಮಡಿ ಬಲ್ಲಾಳ. ದೆಹಲಿಯ ದಂಡುಗಳಿಂದ ದೋರಸಮುದ್ರವು ಹಾಳಾಗುತ್ತಿದ್ದ ದುಷ್ಕಾಲದಲ್ಲಿ ಅವನು ಕರಾವಳಿಯ ಆಳುಪರ ಮನೆಯಿಂದ ಚಿಕ್ಕಾಯಿತಾಯಿಯನ್ನು ತಂದುಕೊಂಡನು. ಆಕೆಯು ಗಂಡನ ಅಂತಃಪುರಕ್ಕೆ ಸೇರಿಹೋದ ರಾಣಿಯಲ್ಲ. 1333ರ ಸುಮಾರಿನಿಂದ ಬಾರಕೂರನ್ನು ರಾಜಧಾನಿಯನ್ನಾಗಿಟ್ಟುಕೊಂಡು, ಪಾಂಡ್ಯಚಕ್ರವರ್ತಿ, ಅರಿರಾಯಬಸವಶಂಕರ, ರಾಯಗಜಾಂಕುಶ ಎಂಬ ಆಳುಪ ಬಿರುದುಗಳನ್ನು ಧರಿಸಿ, ತಾನೇ ಆಳಿದವಳು. ಮಗನು ಎಳೆಯನೆಂಬ ನೆಪದಿಂದ ಮಾತ್ರ ಅಧಿಕಾರವನ್ನು ಹಿಡಿಯಬೇಕಾಗಿದ್ದ ಫ್ರಾನ್ಸಿನ ರಾಜಮಾತೆಯರಿಗೆ ಇಂಥ ಬಿರುದು ಕನಸಿನಲ್ಲಿಯೂ ಎಟುಕಲಿಲ್ಲ. ನಮ್ಮಲ್ಲಿಯೂ ಆ ಬಗೆಯ ರಾಜಮಾತೆಯರಿಲ್ಲದಿಲ್ಲ. ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ, ಹಾಸನವೂ ಸೇರಿದ್ದ ಮೈಸೂರು ಸಂಸ್ಥಾನವನ್ನು ಮಗನ ಪರವಾಗಿ 1902ರ ಆಗಸ್ಟಿನವರೆಗೆ ಆಳಿದ ವಾಣೀವಿಲಾಸ ಸನ್ನಿಧಾನದವರು ಆ ಪಂಕ್ತಿಗೆ ಸೇರಿದವರು, ಅದರಲ್ಲಿ ಅಗ್ರಗಣ್ಯರು.

ಮುಮ್ಮಡಿ ಬಲ್ಲಾಳನು 1342ರಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಕೊಲೆಯಾದನು. 1343ರಲ್ಲಿ ಪಟ್ಟಕ್ಕೆ ಬಂದ ಅವನ ಮಗನು ಕೆಲವೇ ವರ್ಷಗಳಲ್ಲಿ ಚರಿತ್ರೆಯಿಂದ ಮರೆಯಾಗಿ, ದೇಶವು ವಿಜಯನಗರದ ಸಂಗಮ ಸಹೋದರರ ವಶಕ್ಕೆ ಬಂದಿತು. ಆ ಸಹೋದರರು ಶೃಂಗೇರಿಯಲ್ಲಿ ನೆರೆದು, ಶ್ರೀಮಠಕ್ಕೆ ದತ್ತಿಯನ್ನು ಬಿಟ್ಟದ್ದು 1346ರಲ್ಲಿ. ಅದೇ 1346ರಲ್ಲಿ, ಅದೇ ಮಠಕ್ಕೆ, ಅರಸನಿಲ್ಲದ ಹೊಯ್ಸಳರ ಮನೆಯಿಂದ ಚಿಕ್ಕಾಯಿತಾಯಿಯೂ ದತ್ತಿಯನ್ನು ಬಿಟ್ಟಿರುವಳು.